ಇಳಿಯದ ಮೂಟೆ

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಚಂದ್ರಕಲಾಳ ಫೋನು ಬಡಿದುಕೊಂಡರೆ ಅದು ಕಲ್ಯಾಣದುರ್ಗದ ದಾಸಣ್ಣನದೇ ಆಗಿರುತ್ತಿತ್ತು. ಆ ಹೊತ್ತಿಗೆ ಅವಳಿಗೆ ಬೇರೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಹಾಗೆ ನೋಡಿದರೆ ಬೇರೆ ಹೊತ್ತಿನಲ್ಲಿ ಮಾಡುವವರೂ ಕಡಿಮೆಯೇ.

“ಮೇಡಂ, ಮೂಟೆ ಇಳೀತಿಲ್ಲ.”

“ಏನಂತ ಬರ್ತಿದೆ ದಾಸಣ್ಣ?”

“ಅದೇ, ‘ಮೂಟೆ ತೆರೆಯಲಾಗಲಿಲ್ಲ’ ಅಂತ. ಅರ್ಧದ್ ತಂಕ ಚೆನ್ನಾಗೇ ಹೋಯ್ತೈತೆ. ಆಮೇಲೆ ಎಲ್ಲಾ ವಾಪಸ್ ಕಿತ್ಕಂಡು ಹೋಗ್ಬುಡ್ತೈತೆ.”

“ನೆಟ್ ಹಾಕಿ. ನಾನು ಒಳಗೆ ಬಂದು ನೋಡ್ತೀನಿ.”

ದಾಸಣ್ಣ ತನ್ನ ಫೋನಿನಿಂದ ಕಂಪ್ಯೂಟರಿಗೆ ನೆಟ್ ಕೊಡುತ್ತಿದ್ದ. ಚಂದ್ರಕಲಾ ಹಿಂದೂಪುರದ ತನ್ನ ಕೋಣೆಯಲ್ಲಿ ಕೂತೇ ಆ ಯಂತ್ರದೊಳಗೆ ಹೋಗಿ ಅದೇ ಮೂಟೆಯನ್ನು ಮತ್ತೆ ಇಳಿಸುತ್ತಿದ್ದಳು. ಅದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇಳಿದು ಕೂರುತ್ತಿತ್ತು.

“ಇಳೀತಲ್ಲ ದಾಸಣ್ಣ.”

“ನೀವು ಬಂದ್ರೆ ಇಳಿತೈತೆ ಮೇಡಂ. ನಾನು ಇಳಿಸಿದ್ರೇ ಅದಕ್ಕೆ ರೋಗ.”

‘ಮೂಟೆ’ ಎಂಬುದು ಚಂದ್ರಕಲಾ ಹನ್ನೊಂದು ವರ್ಷದ ಹಿಂದೆ ಬರೆದ ತಂತ್ರಾಂಶ. ಶಾಲೆ ಬಿಟ್ಟ ಹೆಂಗಸರಿಗೆ ಹತ್ತನೇ ತರಗತಿ ಓದಿಸುವ ಒಂದು ಟ್ರಸ್ಟು ಅನಂತಪುರದ ಸುತ್ತಮುತ್ತ ಮೂವತ್ತೊಂದು ಕೇಂದ್ರಗಳನ್ನು ನಡೆಸುತ್ತಿತ್ತು. ಎಲ್ಲ ಕಡೆಯೂ ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರುಗಳು, ನೆಟ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಆದ್ದರಿಂದ ಹೊಸ ಪಾಠ, ಹೊಸ ಪ್ರಶ್ನೆಪತ್ರಿಕೆ, ಅವನ್ನು ತೆರೆಯಲು ಬೇಕಾದ ಚಿಕ್ಕಪುಟ್ಟ ಪ್ರೋಗ್ರಾಮುಗಳು, ಎಲ್ಲವನ್ನೂ ಒಂದು ಕಟ್ಟು ಮಾಡಿ ಮೊಹರು ಹಾಕಿ ಪೆನ್ ಡ್ರೈವಿನಲ್ಲಿ ಕಳಿಸುತ್ತಿದ್ದರು. ಆ ಕಟ್ಟನ್ನು ಬಿಚ್ಚಿ, ಮೊಹರು ನೋಡಿ, ಒಂದೊಂದನ್ನೂ ಅದರದರ ಜಾಗದಲ್ಲಿ ಇಡುವುದು ಮೂಟೆಯ ಕೆಲಸ. ಕಟ್ಟನ್ನೂ ಎಲ್ಲರೂ ಮೂಟೆ ಎಂದೇ ಕರೆಯುತ್ತಿದ್ದರು. ಮೊದಲಿಗೆ ಅದರ ಜೊತೆ ಮೂವರು ಕೆಲಸ ಮಾಡುತ್ತಿದ್ದರು. ಒಬ್ಬೊಬ್ಬರೇ ಬಿಟ್ಟುಹೋಗಿ ಈಗ ಅವಳೊಬ್ಬಳೇ ಉಳಿದಿದ್ದಳು. ಅವಳು ಬರೆದ ಸಾಲುಗಳನ್ನು ಅವಳಲ್ಲದೆ ಓದುವವರು ಇರಲಿಲ್ಲ.

ಅವಳು ಇದ್ದದ್ದು ಅಣ್ಣ ಶಿವಯೋಗಪ್ಪನ ಹುಣಸೆಹಣ್ಣಿನ ಮಂಡಿಯ ಮೇಲಿನ ಮಹಡಿಯಲ್ಲಿ. ವಯಸ್ಸು ನಲವತ್ತಮೂರು. ದಾವಣಗೆರೆಗೆ ಕೊಟ್ಟಿದ್ದರು, ಒಂದೂವರೆ ವರ್ಷಕ್ಕೆ ಹಿಂತಿರುಗಿ ಬಂದಳು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಹಾಗಾಗಿ ಅದರ ಆಸುಪಾಸಿನ ಮಾತುಗಳನ್ನೂ ಎತ್ತುತ್ತಿರಲಿಲ್ಲ. ಅತ್ತಿಗೆ ಸುವರ್ಣಮ್ಮ ಹಬ್ಬಕ್ಕೆ ಕರೆಯುತ್ತಿದ್ದಳು, ಹೋಳಿಗೆ ಮಾಡಿದರೆ ಮೇಲಕ್ಕೆ ಕಳಿಸುತ್ತಿದ್ದಳು. “ನಮ್ ಚಂದ್ರಿ ಕಂಪ್ಯೂಟರ್ ಕೆಲ್ಸ ಮಾಡ್ತಾಳೆ” ಎಂದು ನೆಂಟರಿಗೆ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದಳು. ಕೆಳಗೆ ದಿನವಿಡೀ ಹಮಾಲರ ಕೂಗು, ಲಾರಿ, ಹುಣಸೆಯ ಹುಳಿ ವಾಸನೆ. ಮೇಲೆ ಫ್ಯಾನಿನ ಸದ್ದು. ಕೆಲವು ದಿನ ಸಂಜೆಯ ಹೊತ್ತಿಗೆ, ಬೆಳಿಗ್ಗೆಯಿಂದ ತಾನು ಬಾಯಿ ಬಿಟ್ಟು ಒಂದು ಮಾತೂ ಆಡಿಲ್ಲವೆಂಬುದು ಅವಳಿಗೆ ಹೊಳೆಯುತ್ತಿತ್ತು.

ದಾಸಣ್ಣನ ದೂರನ್ನು ಅವಳು ಹಗುರವಾಗಿ ತೆಗೆದುಕೊಂಡಿರಲಿಲ್ಲ. ಕಲ್ಯಾಣದುರ್ಗದಲ್ಲಿದ್ದಂಥದೇ ಒಂದು ಹಳೆಯ ಯಂತ್ರ ಅವಳ ಕೋಣೆಯಲ್ಲೂ ಇತ್ತು. ಅದರಲ್ಲಿ ಅದೇ ಮೂಟೆಯನ್ನು ಇಳಿಸಿ ಅಳಿಸಿ, ಅಳಿಸಿ ಇಳಿಸಿ, ಇನ್ನೂರು ಸಲ ನೋಡಿದಳು. ಪೆನ್ ಡ್ರೈವನ್ನು ನಡುವೆ ಕಿತ್ತು ನೋಡಿದಳು. ಜಾಗ ಸಾಲದ ಹಾಗೆ ಮಾಡಿ ನೋಡಿದಳು. ಒಂದು ಸಲವೂ ಆ ತೊಂದರೆ ಬರಲಿಲ್ಲ. ಬಾರದ ರೋಗಕ್ಕೆ ಮದ್ದು ಹುಡುಕುವುದು ಹೇಗೆ? ಜ್ವರ ಬಂದವನು ವೈದ್ಯರ ಮನೆ ಬಾಗಿಲಿಗೆ ಬಂದ ಕೂಡಲೇ ಮೈ ತಣ್ಣಗಾದರೆ ವೈದ್ಯರು ತಾನೇ ಏನು ಮಾಡುತ್ತಾರೆ?

ದಾಸಣ್ಣ ಮಾತ್ರ ತನ್ನ ಕಡೆಯಿಂದ ಮಾಡಬೇಕಾದದ್ದನ್ನೆಲ್ಲ ಮಾಡುತ್ತಿದ್ದ. ಐವತ್ತೇಳು ವರ್ಷದ ಅವನು ಮೊದಲು ಕಲ್ಯಾಣದುರ್ಗದ ತಾಲ್ಲೂಕು ಕಚೇರಿ ಮುಂದೆ ಬೇವಿನ ಮರದ ಕೆಳಗೆ ಟೈಪ್ ಮಿಷನ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದವನು. ಎಲ್ಲ ಅರ್ಜಿಗಳೂ ಕಂಪ್ಯೂಟರಿಗೆ ಹೋದ ಮೇಲೆ ತಾನೂ ಅದನ್ನು ಕಲಿತು, ಟ್ರಸ್ಟಿನ ಕೇಂದ್ರ ಸೇರಿದ್ದ. ಹಳೇ ಮಿಷನ್ನನ್ನು ಮಾತ್ರ ಬಿಟ್ಟಿರಲಿಲ್ಲ. ಮೂಟೆ ಕೈಕೊಟ್ಟ ಪ್ರತಿ ಬೆಳಿಗ್ಗೆ ಅದರಲ್ಲೇ ತೆಲುಗಿನಲ್ಲಿ ಒಂದು ಸಾಲು ಟೈಪ್ ಮಾಡಿ ಇಡುತ್ತಿದ್ದ: ದಿನ, ಗೋಡೆ ಗಡಿಯಾರದ ಹೊತ್ತು, ತಾನು ಮಾಡಿದ್ದು, ಪರದೆ ಹೇಳಿದ್ದು. ಕೆಲವು ಸಾಲುಗಳ ಕೊನೆಗೆ, ‘ಮೇಡಂ ನೋಡಿದ ಮೇಲೆ ಸರಿಹೋಯಿತು’ ಎಂದಿರುತ್ತಿತ್ತು. ಆ ಹಾಳೆಗಳ ಫೋಟೋ ವಾಟ್ಸಾಪಿನಲ್ಲಿ ಬರುತ್ತಿತ್ತು. ಚಂದ್ರಕಲಾ ಮೊದಲ ಎರಡನ್ನು ಓದಿದಳು. ಆಮೇಲಿನವನ್ನು ಬರೀ ತೆರೆದು ಮುಚ್ಚಿದಳು.

ಒಂದು ಸೋಮವಾರ ಅವಳಿಗೆ ತಲೆನೋವಿತ್ತು. ಹಿಂದಿನ ದಿನ ಕೆಳಗಡೆ ಅಣ್ಣನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವರು ಹೋಗುವ ತನಕ ಚಂದ್ರಕಲಾ ಮೇಲೆಯೇ ಇದ್ದರೆ ಒಳ್ಳೆಯದೆಂದು ಸುವರ್ಣಮ್ಮ ಸುತ್ತಿ ಬಳಸಿ ಹೇಳಿದ್ದಳು. ಫೋನು ಬಡಿದುಕೊಂಡಿತು.

“ಮೇಡಂ, ಇವತ್ತೂ ಇಳೀತಿಲ್ಲ.”

“ದಾಸಣ್ಣ, ಇನ್ನೂ ಮೂವತ್ತು ಸೆಂಟರ್ ಇದಾವೆ. ಯಾರಿಗೂ ಇಲ್ಲದ್ದು ನಿಮಗೊಬ್ಬರಿಗೇ ಯಾಕೆ? ನೀವೇ ಏನೋ ತಪ್ಪು ಒತ್ತುತಾ ಇದೀರ. ನಿಧಾನವಾಗಿ ನೋಡಿಕೊಂಡು ಒತ್ತಿ.”

“ಸರಿ ಮೇಡಂ,” ಎಂದು ದಾಸಣ್ಣ ಫೋನ್ ಇಟ್ಟ. ಮುಂದಿನ ಸೋಮವಾರ ಫೋನ್ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಸರಿಹೋಗಿರಬೇಕು ಎಂದುಕೊಂಡಳು.

ಮೂರು ತಿಂಗಳಿಗೊಮ್ಮೆ ಟ್ರಸ್ಟಿಗೆ ಅವಳು ಒಂದು ವರದಿ ಕೊಡಬೇಕಿತ್ತು. ಕೇಂದ್ರದ ಪ್ರತಿ ಯಂತ್ರವೂ ತಾನು ಯಾವ ದಿನ ಏನು ಮಾಡಿತು ಎಂದು ತನ್ನಷ್ಟಕ್ಕೆ ಬರೆದಿಡುತ್ತದೆ. ಶುಕ್ರವಾರ ನೆಟ್ ಹಾಕಿದಾಗ ಆ ವಾರದ ಏಳು ದಿನದ ಬರಹ ಅವಳ ಬಳಿಗೆ ಬರುತ್ತದೆ. ಯಾವ ದಿನದ್ದು ಒಂದು ಸಾಲೂ ಇಲ್ಲವೋ ಆ ದಿನ ಕೇಂದ್ರ ತೆರೆದಿಲ್ಲವೆಂದು ಲೆಕ್ಕ. ಈ ಸಲದ ವರದಿಯಲ್ಲಿ ಕಲ್ಯಾಣದುರ್ಗದ ಎದುರಿಗೆ ಒಂಬತ್ತು ಖಾಲಿ ದಿನಗಳಿದ್ದವು. ಹೆಚ್ಚಿನವು ಸೋಮವಾರ. ಚಂದ್ರಕಲಾ ಹುಬ್ಬು ಗಂಟಿಕ್ಕಿದಳು. ಭಾನುವಾರ ಊರಿಗೆ ಹೋದವನು ಸೋಮವಾರ ಬರುತ್ತಿಲ್ಲ, ಮೂಟೆಯ ಮೇಲೆ ನೆಪ ಹಾಕುತ್ತಿದ್ದ ಎಂದು ಮನಸ್ಸು ತಾನೇ ಒಂದು ಕಥೆ ಕಟ್ಟಿತು. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು.

ಹದಿನೈದು ದಿನದ ಮೇಲೆ ದಾಸಣ್ಣ ಫೋನ್ ಮಾಡಿದ, ಅದೂ ಬುಧವಾರ.

“ಮೇಡಂ, ತಿಂಗಳ ಕೊನೇಗೆ ನನ್ನ ಕೆಲ್ಸದಿಂದ ಬಿಡುಸ್ತವ್ರೆ. ಆ ಪಾಸ್‌ವರ್ಡು, ಬೀಗದ ಕೈ, ಎಲ್ಲಾ ಯಾರಿಗ್ ಕೊಡ್ಲಿ ಅಂತ ಕೇಳನ ಅಂತ ಮಾಡ್ದೆ.”

“ಯಾಕೆ ಬಿಡಿಸ್ತಿದಾರೆ?”

“ನಾನು ಒಂಬತ್ತು ದಿನ ಬಂದಿಲ್ವಂತೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಆ ಒಂಬತ್ತು ದಿನಗಳನ್ನು ಬರೆದವಳು ಇವಳೇ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. “ನೀವು ಬಂದಿದ್ರಾ?” ಎಂದಳು ಚಂದ್ರಕಲಾ.

“ನಾನು ಬರದೆ ಇನ್ನೆಲ್ಲಿಗ್ ಹೋಗ್ಲಿ ಕಣಮ್ಮ,” ಎಂದ ದಾಸಣ್ಣ. ಅವನು ಅವಳನ್ನು ಮೇಡಂ ಎನ್ನದೆ ಮಾತಾಡಿದ್ದು ಅದೇ ಮೊದಲು.

ಶನಿವಾರ ಅವಳು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಮಡಕಶಿರಾ ಮಾರ್ಗದ ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಸುವರ್ಣಮ್ಮ ಕೇಳಿದಳು. ಯಾಕೆ ಎಂದು ಕೇಳಲಿಲ್ಲ. ಪಾವಗಡದಲ್ಲಿ ಬಸ್ಸು ಬದಲಿಸಬೇಕಾಯಿತು. ಆಂಧ್ರದಿಂದ ಹೊರಟು ಕರ್ನಾಟಕಕ್ಕೆ ಕಾಲಿಟ್ಟು ಮತ್ತೆ ಆಂಧ್ರಕ್ಕೆ ಬರುವ ದಾರಿ ಅದು. ಕಿಟಕಿಯಾಚೆ ಕೆಂಪು ಹೊಲ, ಬೋಳು ಗುಡ್ಡ, ಬಿಸಿಲಿಗೆ ಮುಖವೊಡ್ಡಿ ಸಾಲುಸಾಲಾಗಿ ಮಲಗಿದ ಸೋಲಾರ್ ಹಲಗೆಗಳು. ಇವಳು ಮನೆ ಬಿಟ್ಟು ಇಷ್ಟು ದೂರ ಬಂದು ನಾಲ್ಕು ವರ್ಷವಾಗಿತ್ತು.

ಕೇಂದ್ರವಿದ್ದದ್ದು ಕಲ್ಯಾಣದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯ ಪಕ್ಕದ ಉದ್ದನೆಯ ಕೋಣೆಯಲ್ಲಿ. ನಾಲ್ಕು ಕಂಪ್ಯೂಟರು, ಎರಡು ಬೆಂಚು. ಮೂಲೆಯ ಸ್ಟೂಲಿನ ಮೇಲೆ ಟೈಪ್ ಮಿಷನ್ನು. ದಾಸಣ್ಣ ಎಣ್ಣೆ ಹಾಕಿ ಬಾಚಿದ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಾಗಿಲಿಗೇ ಬಂದ. ಫೋನಿನ ದನಿಯಿಂದ ಅವಳು ಅವನನ್ನು ಇನ್ನೂ ಎತ್ತರದವನೆಂದುಕೊಂಡಿದ್ದಳು.

“ಬನ್ನಿ ಮೇಡಂ, ಕೂತ್ಕಳಿ. ನೀವು ಬತ್ತೀರಂತ ನಾನಂದ್ಕಂಡೇ ಇರ್ಲಿಲ್ಲ.”

ಮಧ್ಯಾಹ್ನವಿಡೀ ಮೂಟೆಗಳನ್ನು ಇಳಿಸಿದರು. ಅವಳು ಇಳಿಸಿದಳು, ಅವನು ಇಳಿಸಿದ. ಅವನು ಒತ್ತುವಾಗ ಪಕ್ಕದಲ್ಲಿ ನಿಂತು ಬೆರಳನ್ನೇ ನೋಡಿದಳು. ಮೊದಲು ಎರಡು ಕೈಯನ್ನೂ ಪ್ಯಾಂಟಿಗೆ ಒರೆಸಿಕೊಂಡು, ಒಂದೊಂದು ಅಕ್ಷರವನ್ನೂ ಓದಿ, ಆಮೇಲೆ ಒತ್ತುತ್ತಿದ್ದ. ಎಲ್ಲಿಯೂ ತಪ್ಪಿಲ್ಲ. ಹದಿನಾಲ್ಕು ಸಲಕ್ಕೆ ಹದಿನಾಲ್ಕೂ ಇಳಿದವು.

“ನೋಡಿ, ನೀವು ಬಂದ್ರಿ, ಒಳ್ಳೇದಾಗ್ಬುಡ್ತು,” ಎಂದು ದಾಸಣ್ಣ ನಕ್ಕ. ನಗುವಾಗ ಅವಳ ಮುಖ ನೋಡಲಿಲ್ಲ.

ಐದು ಗಂಟೆಗೆ ಕೇಂದ್ರ ಮುಚ್ಚುವ ಹೊತ್ತು. ದಾಸಣ್ಣ ಒಂದು ಕೋಲು ತೆಗೆದುಕೊಂಡು ಬಾಗಿಲ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆ ತಳ್ಳಿದ. ಫ್ಯಾನು ನಿಂತಿತು. “ಒಂದ್ಸಲ ಇಲಿ ವಯರ್ ಕಡ್ದು ಹೊಗೆ ಬಂದಿತ್ತು. ಅದುಕ್ಕೇ ಶನಿವಾರ ಊರಿಗ್ ಹೋಗೋವಾಗ ಪೂರ್ತಿ ಆಫ್ ಮಾಡ್ಬುಡು ಅಂತವ್ರೆ ಮನೆ ಓನರ್ರು,” ಎಂದ. ಅವನ ಹೆಂಡತಿ ಪೋಲಮ್ಮ ಬ್ರಹ್ಮಸಮುದ್ರದಲ್ಲಿದ್ದಳು. ವಾರಕ್ಕೊಮ್ಮೆ ಹೋಗಿ, ಸೋಮವಾರ ನಸುಕಿನ ಬಸ್ಸಿಗೆ ಬಂದುಬಿಡುತ್ತಿದ್ದ.

“ನೀವೂ ಬನ್ನಿ ಮೇಡಂ ನಮ್ಮೂರಿಗೆ. ಲಾಡ್ಜಲ್ಲಿ ಒಬ್ರೇ ಏನ್ ಮಾಡ್ತೀರಾ? ಪೋಲಮ್ಮ ಮುದ್ದೆ ಹಾಕ್ತಾಳೆ, ಹುರ್ಳಿ ಸಾರು.”

“ಪರವಾಗಿಲ್ಲ ದಾಸಣ್ಣ. ನನಗೆ ಕೆಲಸ ಇದೆ,” ಎಂದಳು ಚಂದ್ರಕಲಾ. ಅವನ ಕೆಲಸ ಕಳೆದವಳು ಅವನ ಹೆಂಡತಿಯ ಕೈಯ ಊಟ ಮಾಡುವುದು ಹೇಗೆ?

ಭಾನುವಾರ ಅವಳಿಗೆ ಕೆಲಸವೇನೂ ಇರಲಿಲ್ಲ. ಲಾಡ್ಜಿನ ಕೋಣೆಯ ಕಿಟಕಿ ಬಸ್ ನಿಲ್ದಾಣದ ಕಡೆಗಿತ್ತು. ಷೇರ್ ಜೀಪಿನವರು ಊರುಗಳ ಹೆಸರು ಕೂಗಿ ಕೂಗಿ ಜನರನ್ನು ತುಂಬಿಸಿಕೊಂಡು ಹೋಗುತ್ತಿದ್ದರು. ಹತ್ತು ಗಂಟೆಗೆ ಇಳಿದು ಮಂಡಕ್ಕಿ ಉಗ್ಗಾಣಿ ತಿಂದಳು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. ಯಾರೋ ಅಡ್ರೆಸ್ ಕೇಳಿದರು, ತಾನೂ ಹೊರಗಿನವಳು ಎಂದಳು. ಒಂದು ಸೀಬೆಹಣ್ಣು ಕೊಂಡು, ತಿನ್ನಲು ಕೂರುವ ಜಾಗ ಸಿಗದೆ ಕೋಣೆಗೇ ತಂದಳು. ಸಂಜೆ ಹೊತ್ತಿಗೆ ಬ್ರಹ್ಮಸಮುದ್ರದ ಬಸ್ಸೊಂದು ಕಿಟಕಿಯ ಕೆಳಗೆ ನಿಂತು ಹೊರಟಿತು. ಹೋಗಿದ್ದರೆ ಈಗ ಯಾರದೋ ಜಗುಲಿಯಲ್ಲಿ ಕೂತು ಯಾವುದೋ ಊರ ಸುದ್ದಿ ಕೇಳುತ್ತಿದ್ದೆ ಎನ್ನಿಸಿತು. ಇಂಥ ಕರೆಗಳಿಗೆ ಬೇಡವೆಂದು ಹೇಳಿ ಹೇಳಿಯೇ ಅವಳ ನಾಲಿಗೆಗೆ ಅದು ರೂಢಿಯಾಗಿತ್ತು.

ಬೇರೇನೂ ತೋಚದೆ ದಾಸಣ್ಣನ ಹಾಳೆಗಳ ಫೋಟೋಗಳನ್ನು ತೆರೆದಳು. ಈ ಸಲ ಮೊದಲಿನಿಂದ ಕೊನೆಯವರೆಗೆ ಓದಿದಳು. ಇಪ್ಪತ್ತಾರು ಸಾಲುಗಳು. ಅವಳು ಬೈದ ಸೋಮವಾರದ ಮುಂದಿನ ಸಾಲಿನಲ್ಲಿ, ‘ನಿಧಾನವಾಗಿ ಓದಿಕೊಂಡು ಒತ್ತಿದೆ. ಆದರೂ ಇಳಿಯಲಿಲ್ಲ’ ಎಂದಿತ್ತು. ಖಾಲಿ ಎಂದು ಅವಳು ಬರೆದ ಒಂಬತ್ತು ದಿನಗಳೂ ಆ ಹಾಳೆಯಲ್ಲಿದ್ದವು. ಸುಳ್ಳು ಹೇಳುವವನು ಇಷ್ಟು ಶ್ರದ್ಧೆಯಿಂದ ಹೇಳುತ್ತಾನೆಯೇ?

ಸೋಮವಾರ ಏಳೂವರೆಗೆ ಅವಳು ಕೇಂದ್ರದ ಬಾಗಿಲಲ್ಲಿದ್ದಳು. ದಾಸಣ್ಣ ಬಸ್ಸಿಳಿದು ಬಂದ. ಕೈಯಲ್ಲಿ ಪೋಲಮ್ಮ ಕಟ್ಟಿಕೊಟ್ಟ ಬುತ್ತಿಯ ಗಂಟು, ಒಂದಲ್ಲ, ಎರಡು. ಹಿಂದೆಯೇ ಹಂಪಮ್ಮ ಎಂಬ ಹೆಂಗಸೂ ಬಂದಳು. ಸ್ಕೂಲಿನಲ್ಲಿ ಮಧ್ಯಾಹ್ನದ ಅಡುಗೆ ಮಾಡುವವಳು, ಅದಕ್ಕೆ ಮೊದಲು ಒಂದು ಗಂಟೆ ಓದಿ ಹೋಗುತ್ತಿದ್ದಳು.

ದಾಸಣ್ಣ ಕೋಲಿನಿಂದ ಮೇನ್ ಸ್ವಿಚ್ಚು ಮೇಲೆತ್ತಿದ. ಮೂಟೆ ಇಳಿಸುವ ದೊಡ್ಡ ಕಂಪ್ಯೂಟರು ಹಾಕಿದ. ಕೈ ಒರೆಸಿಕೊಂಡು ಹೊಸ ವಾರದ ಮೂಟೆಯನ್ನು ಇಳಿಸಿದ. ಪರದೆಯ ಮೇಲಿನ ಪಟ್ಟಿ ಅರ್ಧದವರೆಗೆ ತುಂಬಿತು, ಒಂದು ಕ್ಷಣ ನಿಂತಿತು, ಸರ್ರನೆ ಹಿಂದಕ್ಕೆ ಬಂತು. ‘ಮೂಟೆ ತೆರೆಯಲಾಗಲಿಲ್ಲ.’

ಅದನ್ನು ಚಂದ್ರಕಲಾ ತನ್ನ ಕಣ್ಣಾರೆ ಕಂಡದ್ದು ಇದೇ ಮೊದಲು.

“ನೋಡಿದ್ರಾ ಮೇಡಂ?” ಎಂದಳು ಹಂಪಮ್ಮ. “ನಾವೆಲ್ಲಾ ವಾರ ವಾರ ನೋಡ್ತೀವಿ. ಪಾಪ, ದಾಸಣ್ಣಂಗೆ ನೀವ್ ಬೈದ್ರಂತೆ.”

“ಹಂಪಮ್ಮ, ಸುಮ್ನಿರಮ್ಮ,” ಎಂದ ದಾಸಣ್ಣ.

ಚಂದ್ರಕಲಾ ಯಂತ್ರದ ಬರಹವನ್ನು ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಬೇಕೆಂದು ಫೋನಿನ ನೆಟ್ ಹಾಕಲು ಹೋದಳು. ದಾಸಣ್ಣ ಕೈ ಅಡ್ಡ ಹಿಡಿದ.

“ಬ್ಯಾಡಿ ಮೇಡಂ. ನೆಟ್ ಹಾಕ್ಬ್ಯಾಡಿ. ನೀವು ನೆಟ್ ಹಾಕಿದ್ ತಕ್ಷಣ ಅದು ಸರಿಹೋಗ್ಬುಡ್ತೈತೆ. ನಾನು ಎಷ್ಟು ಸಲ ಹೇಳಿದೀನಿ.”

ಅವಳ ಬೆರಳು ಅಲ್ಲೇ ನಿಂತಿತು. ನೀವು ಬಂದರೆ ಇಳಿಯುತ್ತದೆ ಎಂದು ಅವನು ಮೊದಲ ದಿನದಿಂದ ಹೇಳುತ್ತಿದ್ದುದನ್ನು ಅವಳು ಬರೀ ಉಪಚಾರದ ಮಾತೆಂದುಕೊಂಡಿದ್ದಳು. ಅವನು ಕಂಡದ್ದನ್ನು ಕಂಡಂತೆ ಹೇಳುತ್ತಿದ್ದ. ಅವಳು ಬರಬೇಕಾದರೆ ನೆಟ್ ಬೇಕು. ನೆಟ್ ಬಂದರೆ ಈ ಯಂತ್ರದಲ್ಲಿ ಏನು ಬದಲಾಗುತ್ತದೆ?

ಕುರ್ಚಿ ಎಳೆದು ಕೂತು, ಯಂತ್ರಕ್ಕೆ ಒಂದೇ ಪ್ರಶ್ನೆ ಕೇಳಿದಳು: ಇವತ್ತು ಯಾವ ದಿನ?

2012, ಜನವರಿ 1, ಭಾನುವಾರ. ಹೊತ್ತು ಹನ್ನೆರಡು ಹೊಡೆದು ಒಂಬತ್ತು ನಿಮಿಷ.

“ಈ ಟೈಮು ಹೀಗೆ ತಪ್ಪಿರೋದು ನಿಮಗೆ ಗೊತ್ತಿತ್ತಾ?”

“ಅದು ಯಾವಾಗ್ಲೂ ಹಂಗೇ ಮೇಡಂ. ಹಳೇ ಮಿಷನ್ ಅಲ್ವಾ? ನಾವು ಗೋಡೆ ಗಡಿಯಾರ ನೋಡ್ತೀವಿ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಇಷ್ಟೇ ಆಗಿತ್ತು. ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಬಿಲ್ಲೆಯಷ್ಟಗಲದ ಸೆಲ್ಲಿರುತ್ತದೆ. ಕರೆಂಟು ಇಲ್ಲದಾಗಲೂ ದಿನ ಮರೆಯದಂತೆ ನೋಡಿಕೊಳ್ಳುವುದು ಅದೇ. ಈ ಯಂತ್ರದ ಸೆಲ್ಲು ಸತ್ತು ಎಷ್ಟು ಕಾಲವಾಗಿತ್ತೋ. ಮೇನ್ ಸ್ವಿಚ್ಚು ಆರಿಸಿದ ಮರುದಿನ, ಕರೆಂಟು ಹೋಗಿ ಬಂದ ಮರುದಿನ, ಅದು 2012ಕ್ಕೆ ಜಾರಿಬೀಳುತ್ತಿತ್ತು. ನೆಟ್ ಸಿಕ್ಕ ಕ್ಷಣ ಯಾರನ್ನೋ ಕೇಳಿ ದಿನ ಸರಿಮಾಡಿಕೊಳ್ಳುತ್ತಿತ್ತು. ಅವಳ ಕೋಣೆಯ ಯಂತ್ರಕ್ಕೆ ಯು.ಪಿ.ಎಸ್ ಇತ್ತು, ಅದು ಒಂದು ದಿನವೂ ಪೂರ್ತಿ ಆರಿದ್ದಿಲ್ಲ.

ಆದರೆ ಸೆಲ್ಲು ಸತ್ತರೆ ಮೂಟೆ ಯಾಕೆ ತೆರೆಯಬಾರದು? ಅದರ ಉತ್ತರ ಅವಳಿಗೆ ಹುಡುಕದೆಯೇ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅವಳೇ ಒಂದು ಸಾಲು ಬರೆದಿದ್ದಳು: ಮೂಟೆ ಕಟ್ಟಿದ ದಿನ ಇವತ್ತಿಗಿಂತ ಮುಂದಿದ್ದರೆ ಮೊಹರು ಸುಳ್ಳು, ಎಲ್ಲವನ್ನೂ ವಾಪಸು ತೆಗೆ. ನಾಳೆ ಕಟ್ಟಿದ ಮೂಟೆ ಇವತ್ತು ಬರಲು ಸಾಧ್ಯವಿಲ್ಲ ಎಂಬುದು ಆಗ ಬುದ್ಧಿವಂತಿಕೆಯಾಗಿ ಕಂಡಿತ್ತು. ಇವತ್ತು ಎಂಬುದೇ ತಪ್ಪಿರಬಹುದೆಂದು ಯೋಚಿಸಿರಲಿಲ್ಲ. ಜೊತೆಗಿದ್ದವರಲ್ಲಿ ಒಬ್ಬರಾದರೂ ಆ ಸಾಲನ್ನು ಓದಿದ್ದರೆ ಕೇಳಿರುತ್ತಿದ್ದರೇನೋ.

ಅವಳು ಯಂತ್ರದ ಬರಹವನ್ನು ತೆರೆದು, ಈ ವಾರದ್ದು ಬಿಟ್ಟು, ಎಲ್ಲಕ್ಕೂ ಮೊದಲಿನ ತುದಿಗೆ ಹೋದಳು. ಅಲ್ಲಿದ್ದವು. 2012ರ ಜನವರಿ ಒಂದನೇ ತಾರೀಖಿನ ಕೆಳಗೆ, ಒಂದರ ಮೇಲೊಂದು ಪೇರಿಸಿಟ್ಟ ಹಾಗೆ, ದಾಸಣ್ಣನ ಬೆಳಗುಗಳು. ಯಂತ್ರ ಹಾಕಿದ, ಮೂಟೆ ಇಳಿಸಿದ, ಆಗಲಿಲ್ಲ. ಮತ್ತೆ ಇಳಿಸಿದ, ಆಗಲಿಲ್ಲ. ಕಳೆದ ವಾರದ ದಿನಗಳನ್ನಷ್ಟೇ ತರುವ ಅವಳ ವರದಿಗೆ ಅವು ಸಿಗಲು ಸಾಧ್ಯವೇ ಇರಲಿಲ್ಲ. ಅವಳು ನೆಟ್ ಹಾಕಿಸಿ ಒಳಗೆ ಬಂದ ಸೋಮವಾರಗಳಷ್ಟೇ ಲೆಕ್ಕಕ್ಕೆ ಸಿಕ್ಕಿದ್ದವು; ಅವನು ಫೋನ್ ಮಾಡದೆ, ಮರುದಿನ ಬೇರೇನಕ್ಕೋ ನೆಟ್ ಹಾಕುವವರೆಗೆ ಕಾದವು ಖಾಲಿ ಉಳಿದಿದ್ದವು.

ದಾಸಣ್ಣ ಪರದೆಗೆ ಬೆರಳು ತಾಗಿಸದೆ, ಗಾಳಿಯಲ್ಲೇ ಎಣಿಸಿದ. “ಇವತ್ತಿಂದೂ ಸೇರಿ ಇಪ್ಪತ್ತೇಳು,” ಎಂದ. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಬಹಳ ಹೊತ್ತು ಒರೆಸಿದ.

ಟ್ರಸ್ಟಿನ ಮೇಲ್ವಿಚಾರಕ ಓಬುಳಪತಿ ಅನಂತಪುರದಲ್ಲಿದ್ದ. ದಾಸಣ್ಣ, ಹಂಪಮ್ಮ ಇಬ್ಬರಿಗೂ ಕೇಳುವ ಹಾಗೆ ಚಂದ್ರಕಲಾ ಅವನಿಗೆ ಫೋನ್ ಮಾಡಿದಳು.

“ಓಬುಳಪತಿಯವರೇ, ಕಲ್ಯಾಣದುರ್ಗದ ಬಗ್ಗೆ ನಾನು ಕೊಟ್ಟ ರಿಪೋರ್ಟ್ ತಪ್ಪು. ದಾಸಣ್ಣ ಒಂದು ದಿನವೂ ತಪ್ಪಿಸಿಲ್ಲ. ತಪ್ಪು ನನ್ನ ಪ್ರೋಗ್ರಾಮಿಂದು.”

“ಮೀರೇ ಕದಾ ಮೇಡಂ ರಾಸಿಂದಿ!” ನೀವೇ ತಾನೇ ಬರೆದದ್ದು ಎಂದು ಅವನು ದನಿ ಎತ್ತಿದ. “ಈಗ ಆರ್ಡರ್ ಆಗಿಹೋಗಿದೆ.”

“ಹೌದು, ನಾನೇ ಬರೆದದ್ದು. ಅದಕ್ಕೇ ನಾನೇ ಹೇಳ್ತಿದೀನಿ. ಇವತ್ತೇ ಲೆಟರ್ ಕಳಿಸ್ತೀನಿ. ಆರ್ಡರ್ ವಾಪಸ್ ತಗೊಳ್ಳಿ.”

ಓಬುಳಪತಿ ಕೆಟ್ಟವನಲ್ಲ. ಸ್ವಲ್ಪ ಹೊತ್ತು ಗೊಣಗಿ, ಲೆಟರ್ ಬರಲಿ ಎಂದ. ಬಂತು, ಆ ವಾರದಲ್ಲೇ ಆರ್ಡರ್ ವಾಪಸಾಯಿತು. ಆ ಸೋಮವಾರವೇ ದಾಸಣ್ಣ ವಾಚ್ ರಿಪೇರಿ ಅಂಗಡಿಯಿಂದ ಒಂದು ಸೆಲ್ಲು ತಂದ. ಹಳೆಯದನ್ನು ಅಂಗೈಯಲ್ಲಿ ಇಟ್ಟುಕೊಂಡು, “ಇಷ್ಟೇನಾ?” ಎಂದು ತನಗೆ ತಾನೇ ಹೇಳಿಕೊಂಡ. ಪೋಲಮ್ಮ ಇಬ್ಬರಿಗೂ ಕಟ್ಟಿದ್ದ ಬುತ್ತಿ ಬಿಚ್ಚಿ ತಿಂದರು. ಚಂದ್ರಕಲಾ ಕ್ಷಮೆ ಕೇಳಿದಾಗ ಅವನು, “ನೀವು ಬಂದು ನೋಡಿದ್ರಲ್ಲ ಕಣಮ್ಮ, ಯಾರ್ ಬತ್ತಾರೆ,” ಎಂದಷ್ಟೇ ಹೇಳಿ ಚಟ್ನಿ ಮುಂದಕ್ಕೆ ನೂಕಿದ.

ತುತ್ತು ನುಂಗುವಾಗ ಅವಳಿಗೆ ಇನ್ನೊಂದು ಯೋಚನೆ ಬಂದು ಕೈ ನಿಂತಿತು. ಸತ್ತ ಸೆಲ್ಲಿನ ಹಳೆಯ ಯಂತ್ರ ಇದೊಂದೇ ಇರಲಾರದು. ಲ್ಯಾಪ್‌ಟಾಪ್ ತೆರೆದು, ಎರಡು ವರ್ಷದ ವರದಿಗಳನ್ನೆಲ್ಲ ಹೊರತೆಗೆದು, ಸೋಮವಾರಗಳೇ ಖಾಲಿಯಿದ್ದ ಕೇಂದ್ರಗಳನ್ನು ಹುಡುಕಿದಳು. ಒಂದು ಸಿಕ್ಕಿತು. ಬೆಳುಗುಪ್ಪ, ಕಳೆದ ವರ್ಷ. ನಡೆಸುತ್ತಿದ್ದವಳು ಮುತ್ಯಾಲಮ್ಮ. ಹದಿನಾರು ಖಾಲಿ ದಿನ. ದೂರಿನ ಒಂದು ಫೋನು ಕೂಡ ಬಂದಿರಲಿಲ್ಲ. ಷರಾದಲ್ಲಿ, ‘ಕೇಂದ್ರ ಮುಚ್ಚಲಾಗಿದೆ’.

“ಮುತ್ಯಾಲಮ್ಮನಾ? ಬೆಳುಗುಪ್ಪ ಬಸ್ ಸ್ಟಾಪ್ ಎದ್ರಿಗೇ ಇದಾಳೆ. ಬ್ಲೌಸ್ ಹೊಲಿತಾಳೆ,” ಎಂದ ದಾಸಣ್ಣ. “ಯಾಕೆ ಮೇಡಂ?”

ಚಂದ್ರಕಲಾ ಕಾರಣ ಹೇಳಿದಳು. “ಫೋನಲ್ಲಿ ಹೇಳ್ಬ್ಯಾಡಿ, ಹೋಗಿ ಹೇಳಿ,” ಎಂದ ಅವನು.

ಮಧ್ಯಾಹ್ನದ ಷೇರ್ ಜೀಪಿನಲ್ಲಿ ಶೇಂಗಾ ಚೀಲಗಳ ನಡುವೆ ಕಾಲು ಮಡಿಸಿ ಕೂತು ಅವಳು ಬೆಳುಗುಪ್ಪಕ್ಕೆ ಹೋದಳು. ಮುತ್ಯಾಲಮ್ಮನಿಗೆ ಮೂವತ್ತೈದರ ಆಸುಪಾಸು. ತಗಡಿನ ಮಾಡಿನ ಕೆಳಗೆ ಹೊಲಿಗೆ ಮಿಷನ್ನು, ಗೋಡೆಗೆ ನೇತುಹಾಕಿದ ಅರೆ ಹೊಲಿದ ರವಿಕೆಗಳು. ಬಂದವಳು ಬಟ್ಟೆ ಕೊಡಲು ಬಂದಿದ್ದಾಳೆಂದು, “ಅಳತೆ ಬ್ಲೌಸ್ ತಂದಿದ್ದೀರಾ ಅಕ್ಕಾ?” ಎಂದಳು.

ಚಂದ್ರಕಲಾ ತಾನು ಯಾರೆಂದು ಹೇಳಿದಳು. ಸೆಲ್ಲು, ದಿನ, ಮೊಹರು, ತಾನು ಬರೆದ ಸಾಲು, ವರದಿ, ಎಲ್ಲವನ್ನೂ ಹೇಳಿದಳು. ಮುತ್ಯಾಲಮ್ಮ ಕಾಲು ಪೆಡಲ್ ಮೇಲಿಟ್ಟುಕೊಂಡೇ ಕೇಳಿದಳು.

“ಹಂಗಾದ್ರೆ ನಾನು ಒತ್ತಿದ್ದು ಸರಿಯಿತ್ತಾ?”

“ಸರಿಯಾಗೇ ಇತ್ತು.”

“ಎಲ್ಲಾ ದಿನಾನೂ?”

“ಎಲ್ಲಾ ದಿನಾನೂ.”

ಮುತ್ಯಾಲಮ್ಮ ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. “ನಾನು ನನಗೇ ಬರಲ್ಲ ಅಂದ್ಕಂಡುಬುಟ್ಟೆ ಮೇಡಂ. ಓದಿದ್ದು ಬರೀ ಇಂಟರ್, ಹನ್ನೆರಡನೇ ಕ್ಲಾಸು, ಇವೆಲ್ಲ ನನ್ ತಲೇಗೆ ಹತ್ತಲ್ಲ ಅಂತ. ಅದುಕ್ಕೇ ಯಾರಿಗೂ ಫೋನ್ ಮಾಡ್ಲಿಲ್ಲ. ನಾಚಿಕೆ ಆಯ್ತಿತ್ತು. ಬಿಡು ಅಂದಾಗ ಬಿಟ್ಬುಟ್ಟೆ. ಆಮೇಲೆ ಕಂಪ್ಯೂಟರ್ ಮುಟ್ಟೇ ಇಲ್ಲ.”

“ಟ್ರಸ್ಟಿನವರ ಹತ್ರ ಮಾತಾಡ್ತೀನಿ. ಮತ್ತೆ ತೆರೀಬಹುದು.”

“ಬ್ಯಾಡ ಮೇಡಂ. ಓದ್ತಿದ್ದ ಹೆಂಗಸ್ರೆಲ್ಲ ಯಾವ್ಯಾವ ಕೆಲಸಕ್ಕೋ ಹೋದ್ರು. ನಂಗೂ ಇದು ನಡೀತೈತೆ.” ಅವಳು ಸೂಜಿಗೆ ದಾರ ಪೋಣಿಸಲು ತಲೆ ಬಗ್ಗಿಸಿದಳು. ಎರಡು ಸಲ ತಪ್ಪಿತು. “ಚಾ ಕುಡಿತೀರಾ?” ಎಂದು ಕೇಳಿದಳು, ತಲೆ ಎತ್ತದೆ.

ಬೇಡ ಎಂಬ ಮಾತು ಚಂದ್ರಕಲಾಳ ತುಟಿಯವರೆಗೆ ಬಂದಿತ್ತು. “ಕುಡಿತೀನಿ,” ಎಂದಳು.

ಮುತ್ಯಾಲಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ಚಂದ್ರಕಲಾ ಗಿರಾಕಿಗಳು ಕೂರುವ ಮರದ ಪೆಟ್ಟಿಗೆಯ ಮೇಲೆ ಕೂತಳು. ಎದುರಿನ ನಿಲ್ದಾಣದಲ್ಲಿ ಕಲ್ಯಾಣದುರ್ಗಕ್ಕೆ ಹೋಗುವ ಜೀಪು ಹಾರನ್ ಮಾಡಿತು. ಚಾಲಕ ಇವಳ ಕಡೆ ನೋಡಿ ಕೈಯಲ್ಲೇ ಬರುತ್ತೀರಾ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಜೀಪು ಹೊರಟುಹೋಯಿತು. ಇನ್ನೊಂದು ಯಾವಾಗ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಒಳಗಿನಿಂದ ಮುತ್ಯಾಲಮ್ಮ ಸಕ್ಕರೆ ಎಷ್ಟು ಎಂದು ಕೂಗಿ ಕೇಳಿದಳು.